ಖಮೀಸನ ಹೆಸರಿನಲ್ಲಿದ್ದ ರಕ್ತ

ಒಬ್ಬ ಮನುಷ್ಯನ ಮೈಯಲ್ಲಿ ಎರಡು ಗುಂಪಿನ ರಕ್ತ ಹರಿಯುವುದಿಲ್ಲ. ಐನ್ ದರೀನ್ ಊರಿನ ದವಾಖಾನೆಯ ಡಾಕ್ಟರ್ ರೌದಾ ಇಷ್ಟು ಹೇಳಿ ಮೂರು ವರದಿಗಳನ್ನು ಮೇಜಿನ ಮೇಲೆ ಹರವಿದಳು.

"ಮೂರರ ಮೇಲೂ ಖಮೀಸ್ ಅಂತ ಹೆಸರಿದೆ. ಊರೂರಿಗೆ ಜನ ತುಂಬ್ಕೊಂಡು ಹೋಗೋ ಲುವಾಜ್ ವ್ಯಾನು ಓಡಿಸ್ತಾನಲ್ಲ, ಅವನು. ಲೈಸೆನ್ಸು ಹೊಸದು ಮಾಡಿಸೋಕೆ ರಕ್ತ ಕೊಟ್ಟಿದ್ದ. ಮೊದಲೆರಡು ಬಿ ಗುಂಪು. ಮೂರನೇದು ಓ."

ಊರಿನ ಪೊಲೀಸು ಕೆಲಸ ನೋಡುವ ಗಾರ್ಡ್ ಠಾಣೆಯ ಸಾರ್ಜೆಂಟ್ ತಿಜಾನಿ ಕುರ್ಚಿ ಎಳೆದುಕೊಂಡ. ಅವನಿಗೆ ಐವತ್ತು ದಾಟಿತ್ತು. ಇಂಥ ಕಾಗದಗಳನ್ನು ಕಂಡರೆ ಅವನಿಗೆ ಅಷ್ಟಾಗಿ ಆಗುತ್ತಿರಲಿಲ್ಲ.

"ಒಬ್ಬನದು ಮೂರು ಸಲ ಯಾಕೆ ತೆಗೆದ್ರಿ?"

"ಮೊದಲನೇ ಸಲ ಸಕ್ಕರೆ ಸರಿ ಇತ್ತು. ಸಿ.ಆರ್.ಪಿ. ಅಂತ ಒಂದು ಅಂಶ ಏರಿತ್ತು. ಮೈಯೊಳಗೆ ಎಲ್ಲಾದರೂ ಉರಿಯೂತ ಇದ್ರೆ ಅದು ಏರತ್ತೆ. ಹಲ್ಲುನೋವಿಗೂ ಏರತ್ತೆ, ನೆಗಡಿಗೂ ಏರತ್ತೆ. ಅದಕ್ಕೆ ಎರಡು ವಾರ ಬಿಟ್ಟು ಮತ್ತೆ ತೆಗೆಸಿದೆ. ಇಳಿದಿರಲಿಲ್ಲ. ಕೊಬ್ಬೂ ಜಾಸ್ತಿ. ನಡುವಯಸ್ಸಿನ ಗಂಡಸು, ಹೃದಯ ನೋಡೋಣ ಅಂತ ಕರೆಸಿದೆ. ನನಗೆ ಮುಖ ಗೊತ್ತಲ್ಲ, ಈ ಸಲ ಅವನೇ ಬಂದ, ನಾನೇ ರಕ್ತ ತೆಗೆದೆ. ಸಿ.ಆರ್.ಪಿ. ಏನೂ ಇಲ್ಲ. ಸಕ್ಕರೆ ಮಾತ್ರ ಹೆಗಲೇರಿ ಕೂತಿದೆ."

"ಸಕ್ಕರೆ ಇದ್ರೆ ಲೈಸೆನ್ಸು ಸಿಗಲ್ಲ, ಅದನ್ನ ಮುಚ್ಚಿಡೋಕೆ ಬೇರೆಯವನ ತೋಳು ತಂದಿದ್ದಾನೆ. ಮೋಸದ ಕೇಸು. ಈಗಲೇ ಎಳ್ಕೊಂಡು ಬರ್ತೀನಿ."

"ಅವನೆಲ್ಲಿಗೆ ಓಡ್ತಾನೆ? ನನಗೆ ಬೇಕಾಗಿರೋದು ಆ ಇನ್ನೊಬ್ಬ." ಡಾಕ್ಟರ್ ಮೊದಲ ವರದಿಯ ಮೇಲೆ ಬೆರಳಿಟ್ಟಳು. "ಅವನ ಹೃದಯದ ರಕ್ತನಾಳ ಒಳಗೊಳಗೇ ಕಟ್ಟಿಕೊಳ್ತಾ ಇರಬಹುದು. ಇಲ್ಲದೆಯೂ ಇರಬಹುದು. ನೋಡದೆ ಹೇಳೋಕಾಗಲ್ಲ. ಅವನ ಕಾಯಿಲೆ ಖಮೀಸನ ಹೆಸರು ಹೊತ್ಕೊಂಡು ಇಲ್ಲಿ ಬಿದ್ದಿದೆ. ಅದು ಅವನಿಗೇ ಗೊತ್ತಿಲ್ಲ."

*

ಖಮೀಸ್ ವ್ಯಾನಿನ ಗಾಜು ಒರೆಸುತ್ತಿದ್ದ. ದಪ್ಪ ಮೈ, ನಗುಮುಖ. ಸಾರ್ಜೆಂಟನನ್ನು ಕಂಡು ನಗು ತುಸು ಸಣ್ಣದಾಯಿತು.

"ಲ್ಯಾಬಿನವರು ಅದಲುಬದಲು ಮಾಡಿದ್ದಾರೆ ಸಾರ್ಜೆಂಟ್. ಅವರಿಗೆ ನಮ್ಮಂಥೋರೆಲ್ಲ ಒಂದೇ."

"ಒಂದು ಸಲ ಆಗಬಹುದು. ಎರಡು ವಾರ ಬಿಟ್ಟು ಮತ್ತೆ ಅದೇ ಮನುಷ್ಯನ ರಕ್ತ, ಮತ್ತೆ ನಿನ್ನ ಹೆಸರಿಗೇ ಬರತ್ತಾ? ಕತ್ತೆ ಕೂಡ ಒಂದೇ ಹಳ್ಳಕ್ಕೆ ಎರಡು ಸಲ ಬೀಳಲ್ಲ."

"ಬೀಳೋ ಕತ್ತೆಗಳೂ ಇರ್ತವೆ."

"ರಕ್ತ ಕೊಟ್ಟೋನು ಯಾರು, ಖಮೀಸ್? ಅವನ ಹೃದಯ ಸರಿ ಇಲ್ಲ ಅಂತಿದ್ದಾರೆ ಡಾಕ್ಟರು."

ಒರೆಸುವ ಕೈ ನಿಂತಿತು. ಆಮೇಲೆ ಮತ್ತೆ ಆಡತೊಡಗಿತು.

"ಠಾಣೆಗೆ ಹೆದರಲ್ಲ ಅಂತ ದವಾಖಾನೆ ತೋರಿಸಿ ಹೆದರಿಸ್ತೀರಾ? ನಾನೇ ಕೊಟ್ಟಿದ್ದು."

ತಿಜಾನಿಯ ಅನುಮಾನ ಮೊದಲು ಹೋದದ್ದು ಖಮೀಸನ ತಮ್ಮ ಝುಹೇರನ ಮೇಲೆ. ಅಣ್ಣನ ಮುಖವನ್ನೇ ತೆಳ್ಳಗೆ ಎಳೆದಂತಿದ್ದ ಮನುಷ್ಯ. ಆದರೆ ಬಿ ಗುಂಪಿನ ರಕ್ತ ಕೊಟ್ಟ ಎರಡೂ ದಿನ ಅವನು ಸ್ಫಾಕ್ಸ್ ಬಂದರಿನಲ್ಲಿ ಕೆಲಸದಲ್ಲಿದ್ದ. ಅಲ್ಲಿನ ಮೇಲಿನವರು ಫೋನಿನಲ್ಲಿ ಹಾಗೆಂದರು. ಸಾಲದ್ದಕ್ಕೆ ಝುಹೇರನದೂ ಓ ಗುಂಪೇ.

ಅಲ್ಲಿಗೆ ಆ ದಾರಿ ಮುಗಿಯಿತು.

*

ರಕ್ತ ತೆಗೆದ ನರ್ಸು ರಾಜಧಾನಿಯ ಹುಡುಗಿ. ಊರಿಗೆ ಹೊಸಬಳು.

"ಗುರುತಿನ ಚೀಟಿ ನೋಡಲಿಲ್ವೇನಮ್ಮ?"

"ನೋಡಿದೆ ಸಾರ್ಜೆಂಟ್. ಫೋಟೋದಲ್ಲಿ ತೆಳ್ಳಗೆ, ಮೀಸೆ ಇತ್ತು. ಬಂದವರೂ ತೆಳ್ಳಗೆ, ಮೀಸೆ ಇತ್ತು."

ತಿಜಾನಿಗೆ ಹರೆಯದಲ್ಲಿ ಮಾಡಿಸಿದ ತನ್ನ ಚೀಟಿ ನೆನಪಾಯಿತು. ಆ ಚೀಟಿಗಳಲ್ಲಿ ಈ ಜಿಲ್ಲೆಯ ಗಂಡಸರೆಲ್ಲ ತೆಳ್ಳಗೇ ಇದ್ದಾರೆ.

"ಬೇರೇನಾದರೂ ನೆನಪಿದೆಯಾ?"

"ತೋಳು ನೆನಪಿದೆ. ಒಳಭಾಗದಲ್ಲೆಲ್ಲ ಗೀರು. ಹಳೇದರ ಮೇಲೆ ಹೊಸದು. ಬೆಕ್ಕು ಸಾಕಿದ್ದೀರಾ ಅಂದೆ. ಬಹಳ ನಕ್ಕರು."

ಬೆಕ್ಕಲ್ಲ. ಖರ್ಜೂರದ ಮರವನ್ನು ತಬ್ಬಿ ಹತ್ತುವವನ ತೋಳು ಹಾಗಿರುತ್ತದೆ. ಆದರೆ ಇದು ಕೊಯ್ಲಿನ ಕಾಲ. ಊರಿನ ಅರ್ಧ ಗಂಡಸರು ಮರದ ಮೇಲೇ ಇದ್ದರು. ಅವರಲ್ಲಿ ಯಾರು? ಜೈಲು ಕಾಣಬಹುದಾದ ಕೆಲಸಕ್ಕೆ ಒಬ್ಬ ಡ್ರೈವರನಿಗಾಗಿ ಎರಡೆರಡು ಸಲ ತೋಳು ಚಾಚುವವನು ಯಾರು?

*

ಖಮೀಸನ ಮನೆಯ ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ಅವನ ವಿಧವೆ ತಂಗಿ ಮಬ್ರೂಕಾ ತಲೆಕೂದಲು ಒಣಗಿಸುತ್ತ ಒಬ್ಬ ಗಂಡಸನ್ನು ಬೈಯುತ್ತಿದ್ದಳು.

"ಗೊನೆ ಇಲ್ಲಿಟ್ಟರೆ ಇರುವೆ ಮುತ್ತತ್ತೆ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಕಿವಿ ಮರದ ಮೇಲೇ ಬಿಟ್ಟು ಬಂದಿದ್ದೀಯಾ?"

"ನಿನ್ನ ದನಿಗೆ ಇರುವೆ ಅಲ್ಲ, ಚೇಳೂ ಬರಲ್ಲ ಬಿಡೆ," ಎಂದು ಆ ಮನುಷ್ಯ ಗೊನೆಯ ಬುಟ್ಟಿಯನ್ನು ಗೋಡೆಯ ಮೇಲಕ್ಕೆ ಎತ್ತಿಟ್ಟ.

ತಿಜಾನಿ ಕೆಮ್ಮಿದ. ಮಬ್ರೂಕಾ ಸರಕ್ಕನೆ ಹೆಗಲ ಮೇಲಿನ ಬಟ್ಟೆಯನ್ನು ತಲೆಗೆಳೆದುಕೊಂಡು ಒಳಗೆ ಹೋದಳು. ಆ ಮನುಷ್ಯ ಸಲಾಂ ಹೇಳಿ ಹೊರಟುಹೋದ.

ಖಮೀಸನ ತಾಯಿ ಝೊಹ್ರಾ ಚಹಾ ಸುರಿದಳು.

"ಯಾರು ಖಾಲಾ, ಈಗ ಹೋದೋನು?"

"ಬೂಬಕರ್. ಮೇಲಿನ ಕೇರಿಯೋನು. ನಮ್ಮ ಮರಗಳನ್ನ ಅವನೇ ಹತ್ತೋದು."

"ನಿಮಗೆ ನೆಂಟನಾ?"

"ಅವರ ಕುಲವೇ ಬೇರೆ ಮಗ."

ತಿಜಾನಿ ಚಹಾ ಕುಡಿದ. ಅವಸರ ಮಾಡಲಿಲ್ಲ.

"ತಾಯಿ ಇದ್ದಾಳಾ ಅವನಿಗೆ?"

"ಎಲ್ಲಿ? ಹೆತ್ತು ವಾರ ಬದುಕಲಿಲ್ಲ, ಪಾಪ."

"ಹಾಗಾದರೆ ಕೂಸಿಗೆ ಹಾಲು ಕೊಟ್ಟೋರು ಯಾರು?"

ಮುದುಕಿಯ ಮುಖ ಅರಳಿತು. "ಮತ್ಯಾರು? ನಾನೇ. ಖಮೀಸ್ ಒಂದು ಕಡೆ, ಅವನೊಂದು ಕಡೆ. ನನ್ನ ಮಗನಿಗಿಂತ ಅವನೇ ಚೆನ್ನಾಗಿ ಕುಡೀತಿದ್ದ, ಆದರೂ ಮೈ ಹತ್ತಲಿಲ್ಲ ನೋಡು."

*

ವ್ಯಾನು ನಿಲ್ದಾಣದಲ್ಲೇ ಇತ್ತು. ತಿಜಾನಿ ಡ್ರೈವರನ ಪಕ್ಕದ ಸೀಟು ಹತ್ತಿ ಕುಳಿತು ಬಾಗಿಲು ಹಾಕಿಕೊಂಡ.

"ನಿನ್ನ ತಂಗಿ ನನ್ನನ್ನ ನೋಡಿ ತಲೆ ಮುಚ್ಚಿದಳು. ಬೂಬಕರನ ಮುಂದೆ ಮುಚ್ಚಿರಲಿಲ್ಲ. ಕುಲ ಬೇರೆ, ನೆಂಟನಲ್ಲ. ಅಂಥವನ ಮುಂದೆ ಹೆಣ್ಣುಮಗಳು ಬರಿದಲೆಯಲ್ಲಿ ನಿಲ್ಲಬೇಕಾದರೆ ಒಂದೇ ದಾರಿ. ಅವಳ ತಾಯಿಯ ಹಾಲು ಅವನೂ ಕುಡಿದಿರಬೇಕು, ಹಾಗೆ ಕುಡಿದೋನು ಅವಳಿಗೆ ಅಣ್ಣನೇ. ಆಮೇಲೆ ಅವನ ಕಸುಬು. ನರ್ಸು ಕಂಡ ಗೀರು ಮರ ಹತ್ತೋನ ತೋಳಿನದು. ನಾನು ನಿನ್ನ ಮುಖ ಇರೋ ತಮ್ಮನನ್ನ ಹುಡುಕ್ತಾ ಇದ್ದೆ. ಹಾಲಣ್ಣನ ಯೋಚನೆ ಬರಲಿಲ್ಲ."

"ಸಾಕ್ಷಿ ಏನಿದೆ?"

"ಇಲ್ಲ. ನೀನು ಇಲ್ಲ ಅಂದರೆ ಅವನೂ ಇಲ್ಲ ಅಂತಾನೆ. ದವಾಖಾನೆಗೂ ಬರಲ್ಲ. ಬಂದರೆ ನಿನ್ನ ಲೈಸೆನ್ಸು ಹೋಗತ್ತೆ ಅಂತ ಅವನಿಗೆ ಗೊತ್ತು. ಡಾಕ್ಟರು ಹೇಳಿದ್ದು ನಿನ್ನನ್ನ ಹೆದರಿಸೋಕಲ್ಲ ಖಮೀಸ್. ಅವನ ರಕ್ತ ಎರಡು ಸಲ ನೋಡಿದ್ದಾರೆ. ಮೂರನೇ ಸಲ ಆ ಮನುಷ್ಯನನ್ನೇ ನೋಡಬೇಕು ಅಂತಿದ್ದಾರೆ."

ಖಮೀಸ್ ಸ್ಟೀರಿಂಗ್ ಹಿಡಿದು ಕುಳಿತೇ ಇದ್ದ. ಹೊರಗೆ ಯಾರೋ ಸೀಟಿದೆಯೇ ಎಂದು ಗಾಜು ತಟ್ಟಿದರು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

"ನಮಗದು ಮೋಸ ಅನ್ನಿಸಲಿಲ್ಲ," ಎಂದ ಕೊನೆಗೆ. "ಒಂದೇ ಎದೆಯ ಹಾಲು. ಅವನು ನನ್ನ ತಂಗೀನ ಮದುವೆ ಆಗೋ ಹಾಗಿಲ್ಲ, ಅಷ್ಟು ಹತ್ತಿರದೋನು. ಅಂದಮೇಲೆ ರಕ್ತ ಬೇರೆ ಹೇಗಾಗತ್ತೆ? ಇರೋದು ಒಂದೇ ರಕ್ತ, ನನ್ನದರಲ್ಲಿ ಸಕ್ಕರೆ ಬಿದ್ದಿದೆ, ಅವನದರಲ್ಲಿ ಬಿದ್ದಿಲ್ಲ ಅಂದ್ಕೊಂಡ್ವಿ. ಗುಂಪು ಗಿಂಪು ಯಾರಿಗೆ ಗೊತ್ತಿತ್ತು?"

"ಹಾಲಿನಿಂದ ನೆಂಟಸ್ತನ ಬರತ್ತೆ. ರಕ್ತದ ಗುಂಪು ಬರಲ್ಲ. ಅವನೆಲ್ಲಿ ಈಗ?"

"ದಕ್ಷಿಣದ ತೋಟದಲ್ಲಿ. ಮರದ ಮೇಲೆ." ಖಮೀಸನ ದನಿ ಇಳಿಯಿತು. "ಹತ್ತುವಾಗ ಎದೆ ಹಿಡಿದ ಹಾಗಾಗತ್ತೆ ಅಂದಿದ್ದ. ಬೆಳಗ್ಗೆ ತಿಂದ ಹರೀಸಾ ಚಟ್ನಿ ಖಾರ ಜಾಸ್ತಿ ಆಯ್ತು ಅಂತ ನಾನು ನಕ್ಕುಬಿಟ್ಟೆ."

ಅಷ್ಟು ಹೇಳಿ ಅವನು ಗಾಡಿ ಚಾಲೂ ಮಾಡಿದ.

*

ತೋಟದ ಅತಿ ಎತ್ತರದ ಮರದ ತುದಿಯಲ್ಲಿ ಬೂಬಕರ್ ಕುಡುಗೋಲು ಆಡಿಸುತ್ತಿದ್ದ.

"ಇಳಿ ಬಾರೋ," ಎಂದ ಖಮೀಸ್. ಕೂಗಲಿಲ್ಲ. ಮೇಲಿದ್ದವನು ಬೆಚ್ಚಬಾರದೆಂದು ದನಿ ತಗ್ಗಿಸಿಯೇ ಕರೆದ.

"ಎರಡು ಗೊನೆ ಇದೆ. ಸಾರ್ಜೆಂಟ್ ಯಾಕೆ ಬಂದಿದ್ದಾರೆ?"

"ನಾನೇ ಕರ್ಕೊಂಡು ಬಂದೆ. ಎಲ್ಲ ಹೇಳಿಬಿಟ್ಟೆ."

ಮೇಲೆ ಕುಡುಗೋಲು ನಿಂತಿತು.

"ನಿನಗೆ ತಲೆ ಕೆಟ್ಟಿದೆಯಾ? ಲೈಸೆನ್ಸು ಹೋಗತ್ತಲ್ಲೋ. ಮಕ್ಕಳಿಗೆ ಏನು ಹಾಕ್ತೀಯಾ?"

"ಹೋಗಲಿ. ನಿಧಾನಕ್ಕೆ ಇಳಿ."

ಬೂಬಕರ್ ಇಳಿಯತೊಡಗಿದ. ಬೇರೆ ದಿನವಾಗಿದ್ದರೆ ಜಾರಿದಂತೆ ಇಳಿಯುತ್ತಿದ್ದವನು ನಡುವೆ ನಿಂತ. ಸೊಂಟಕ್ಕೂ ಮರಕ್ಕೂ ಸುತ್ತಿದ್ದ ಹಗ್ಗಕ್ಕೆ ಒರಗಿ, ಒಂದು ಅಂಗೈಯನ್ನು ಎದೆಗೊತ್ತಿಕೊಂಡು ಉಸಿರೆಳೆದ. ಮತ್ತೆ ಇಳಿದ, ಮತ್ತೆ ನಿಂತ. ತಿಜಾನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕಾಲು ನೆಲ ಮುಟ್ಟುವ ಮೊದಲೇ ಖಮೀಸ್ ಅವನನ್ನು ಅಪ್ಪಿ ಹಿಡಿದುಕೊಂಡ.

"ಬಿಡೋ, ಬೆವರು," ಎಂದ ಬೂಬಕರ್.

"ಸುಮ್ನಿರು. ಪಟ್ಟಣದ ಆಸ್ಪತ್ರೆಗೆ ಹೋಗ್ತಾ ಇದ್ದೀವಿ. ಈ ಸಲ ನಿನ್ನ ಹೆಸರು ನೀನೇ ಹೇಳ್ಬೇಕು."

ಖಮೀಸ್ ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಾನೂ ಅಲ್ಲೇ ಕುಳಿತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಜೇಬಿನಿಂದ ವ್ಯಾನಿನ ಕೀಲಿ ತೆಗೆದು ಸಾರ್ಜೆಂಟನ ಕಡೆ ಚಾಚಿದ.

"ನೀವೇ ಓಡಿಸಿ. ನಾನಿನ್ನು ಓಡಿಸೋ ಹಾಗಿಲ್ಲ."