ಏಳನೇ ತಾಕಿನ ಆರು ಪುಸ್ತಕಗಳು

ಬೀರುವನ್ನು ಯಾರೂ ಒಡೆದಿರಲಿಲ್ಲ. ಬೀಗ ತೆಗೆದು, ಬೇಕಾದ್ದನ್ನು ಎತ್ತಿಕೊಂಡು, ಮತ್ತೆ ಅಚ್ಚುಕಟ್ಟಾಗಿ ಬೀಗ ಹಾಕಿದ್ದರು. ಹೀಗಾಗಿ ಮಿರಿಪಿರಿ ಹೊಳೆಯ ದಂಡೆಯ ಅರಣ್ಯ ಸಂಶೋಧನಾ ಕೇಂದ್ರದಲ್ಲಿ ಕಳ್ಳತನವಾಗಿದೆ ಎಂದು ಗೊತ್ತಾದದ್ದೇ ಶುಕ್ರವಾರ ಮಧ್ಯಾಹ್ನ. ಸೋಮವಾರ ಪಟ್ಟಣದ ನ್ಯಾಯಾಲಯದಲ್ಲಿ ವಿಚಾರಣೆಯಿತ್ತು. ನಕಲು ಬೇಡ, ಮೂಲ ಪುಸ್ತಕಗಳನ್ನೇ ತನ್ನಿ ಎಂದು ನ್ಯಾಯಾಧೀಶರು ಹೇಳಿದ್ದರು.

ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಕುಸಿದವನು ದೋಣಿ ನಡೆಸುವ ಜೆನಿವಾಲ್ಡೊ. ಅವನ ಊರು ಬೊಮ್ ಸೊಸೆಗೊ, ಹೊಳೆಯ ಮೇಲ್ಭಾಗದ ನಲವತ್ತು ಮನೆಗಳ ಹಳ್ಳಿ. ತಾಯಿ ಈಗಲೂ ಅಲ್ಲೇ ಇದ್ದಳು. ಪಕ್ಕದ ಜಮೀನ್ದಾರ ಆ ಹಳ್ಳಿಯನ್ನೂ ಅದರ ಹಿಂದಿನ ಕಾಡನ್ನೂ ಸೇರಿಸಿ ದನದ ಹುಲ್ಲುಗಾವಲು ಮಾಡಲು ಹೊರಟಿದ್ದ. ಕಾಡು ಯಾವತ್ತೋ ಸತ್ತಿದೆ, ಅದನ್ನು ಉಳಿಸುವ ಮಾತೇಕೆ ಎಂಬುದು ಅವನ ವಾದ. ಅವನನ್ನು ತಡೆಯಲು ದಾವೆ ಹೂಡಿದ್ದ ಹಳ್ಳಿಯವರ ಕೈಲಿದ್ದ ಒಂದೇ ಸಾಕ್ಷಿ ಏಳನೇ ತಾಕು. ಆ ಕಾಡಿನ ತುಂಬಾ ಒಳಗೆ, ತೊರೆಯೊಂದರ ತಲೆಯಲ್ಲಿ ನಂಬರಿನ ತಗಡು ಹೊಡೆದ ಆರುನೂರ ಹನ್ನೆರಡು ಮರಗಳು, ಹದಿನೇಳು ವರ್ಷ ತಪ್ಪದೆ ತೆಗೆದು ವರ್ಷಕ್ಕೊಂದು ಪುಸ್ತಕದಲ್ಲಿ ಬರೆದ ಸುತ್ತಳತೆ. ಮರಗಳು ಬೆಳೆಯುತ್ತಿವೆ ಎಂದು ಆ ಪುಸ್ತಕಗಳು ಹೇಳಿದರೆ ಕಾಡೂ ಉಳಿಯುತ್ತಿತ್ತು, ಹಳ್ಳಿಯೂ ಉಳಿಯುತ್ತಿತ್ತು. ಹದಿನೇಳರಲ್ಲಿ ಕೊನೆಯ ಆರು ವರ್ಷದವು ಈಗ ಮಾಯವಾಗಿದ್ದವು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಎಲೊಯೀಸಾ ಪೊಲೀಸರಿಗೆ ಫೋನ್ ಮಾಡುವ ಮೊದಲು ಡೋನಾ ಅಲ್ಜೀರಾರಿಗೆ ಹೇಳಿಕಳುಹಿಸಿದರು. ಡೋನಾ ಅಲ್ಜೀರಾ ಮೂವತ್ತು ವರ್ಷದಿಂದ ಒಣಗಿದ ಎಲೆಗಳ ಕೋಣೆ ನೋಡಿಕೊಳ್ಳುತ್ತಿದ್ದ ಹೆಂಗಸು; ಡೋನಾ ಅಂದರೆ ಅಲ್ಲಿ ಅಮ್ಮಾವ್ರು. ಮುರುಕು ಎಲೆ ನೋಡಿ ಮರದ ಹೆಸರು ಹೇಳುತ್ತಿದ್ದರು. ಮಾದರಿಗಳಿಗೆಂದು ಇಟ್ಟ ಸ್ಪಿರಿಟ್ಟನ್ನು ಕದ್ದು ಕುಡಿಯುತ್ತಿದ್ದವನನ್ನು ಒಮ್ಮೆ ಅವನ ತೇಗಿನಿಂದಲೇ ಹಿಡಿದಿದ್ದರು. ಇಂಥ ಕೆಲಸ ಬಂದಾಗೆಲ್ಲ ಜೆನಿವಾಲ್ಡೊ ಅವರ ಹಿಂದೆಯೇ ಇರುತ್ತಿದ್ದ.

ಎಲ್ಲರ ಬೆರಳೂ ಒಬ್ಬನ ಕಡೆ ಇತ್ತು. ಜಮೀನ್ದಾರನ ಮೇಸ್ತ್ರಿ ಕ್ಲೋವಿಸ್ ಗುರುವಾರ ಬಂದು ಎರಡು ಲೋಟ ಕಾಫಿ ಕುಡಿದು, ಪಾಯಿಖಾನೆ ಎಲ್ಲಿ ಎಂದು ಕೇಳಿಕೊಂಡು ಒಳಗೆಲ್ಲ ಸುತ್ತಾಡಿ ಹೋಗಿದ್ದ. ಬೀರುವಿನ ಕೀ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದ್ದುದು ನಾಯಿಗೂ ಗೊತ್ತಿತ್ತು. ಇನ್ನು ಆ ಕೀಯನ್ನು ಡಾಕ್ಟರಮ್ಮನ ಕತ್ತಿಗೇ ಕಟ್ಟಬೇಕು ಎಂದು ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವ ಎವಾಂಡ್ರೊ ಸಲಹೆ ಕೊಟ್ಟ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ಅವನು ಮುಂದು.

ಡೋನಾ ಅಲ್ಜೀರಾ ಬೀರು ತೆಗೆಸಿದರು. ಉಳಿದ ಹನ್ನೊಂದು ಪುಸ್ತಕಗಳು ಮೇಲಿನ ಹಲಗೆಯಲ್ಲಿದ್ದವು. ಮೇಣದ ಬಟ್ಟೆ ಸುತ್ತಿ, ಮರದ ನಾರಿನಿಂದ ಬಿಗಿಯಾಗಿ ಕಟ್ಟಿತ್ತು.

"ಇವು ಯಾವಾಗ್ಲೂ ಕೆಳಗಡೆ ಇರ್ತಿದ್ವಲ್ಲ. ಮೇಲಕ್ಕೆ ಇಟ್ಟೋರು ಯಾರು?" ಎಂದರು.

ಯಾರೂ ಇಟ್ಟಿರಲಿಲ್ಲ. ಕೆಳಗಿನ ಹಲಗೆಗೆ ಮಳೆಗಾಲದಲ್ಲಿ ತೇವ ಹತ್ತುತ್ತದೆ ಎಂದಷ್ಟೇ ಡಾಕ್ಟರಮ್ಮ ಹೇಳಿದರು.

"ಕಳ್ಳ ಒಳ್ಳೇ ಮನೆತನದೋನು," ಎಂದು ಡೋನಾ ಅಲ್ಜೀರಾ ಬಾಗಿಲು ಮುಚ್ಚಿದರು.

ಆಮೇಲೆ ಅವರು ಸಂಜೆಯವರೆಗೆ ಎವಾಂಡ್ರೊನ ಪಕ್ಕ ಕುಳಿತರು. ಕಳುವಾದ ಪುಸ್ತಕಗಳ ಅಂಕಿಗಳೆಲ್ಲ ಕಂಪ್ಯೂಟರಿನಲ್ಲಿ ಭದ್ರವಾಗಿದ್ದವು. ಹಳೆಯ ಪುಸ್ತಕ ಓದಲು ಭೂತಕನ್ನಡಿ ಬೇಕು, ಈ ಆರು ಮಾತ್ರ ಶಾಲೆಯ ಕಾಪಿ ಪುಸ್ತಕದಷ್ಟು ಚೊಕ್ಕ ಎಂದು ಅವನು ಹೊಗಳಿದ. ಹೊಳೆ ಬತ್ತಿ ದೋಣಿಯನ್ನು ಹೊತ್ತು ನಡೆದ ಬರಗಾಲದ ವರ್ಷದಲ್ಲೂ ಏಳನೇ ತಾಕಿನ ಮರಗಳು ಎಂದಿನಷ್ಟೇ ಬೆಳೆದಿದ್ದವು. ಈ ಗಟ್ಟಿತನದ ಬಗ್ಗೆ ಅವನೂ ಡಾಕ್ಟರಮ್ಮನೂ ಒಂದು ಪ್ರಬಂಧವನ್ನೇ ಬರೆದಿದ್ದರು. ಇಬ್ಬರೂ ಆ ತಾಕಿಗೆ ಎಷ್ಟು ವರ್ಷದಿಂದ ಹೋಗಿಲ್ಲ ಎಂದು ಡೋನಾ ಅಲ್ಜೀರಾ ಕೇಳಿದರು. ಡಾಕ್ಟರಮ್ಮನಿಗೆ ಎಂಟು ವರ್ಷದಿಂದ ಮಂಡಿನೋವು. ಎವಾಂಡ್ರೊ ಹೋಗಿಯೇ ಇರಲಿಲ್ಲ. ಮರ ಅಳೆಯಲು ವರ್ಷಕ್ಕೊಮ್ಮೆ ಹೋಗುತ್ತಿದ್ದವನು ಮುದುಕ ತಿಬೂರ್ಸಿಯೊ ಒಬ್ಬನೇ.

ಕೊನೆಗೆ ಜೆನಿವಾಲ್ಡೊನ ಸರದಿ ಬಂತು.

"ತಿಬೂರ್ಸಿಯೊನ್ನ ದೋಣಿಯಿಂದ ಇಳಿಸಿ, ತೊರೆ ಬಾಯಲ್ಲಿ ಅವನಿಗೆ ಎಷ್ಟು ದಿನ ಕಾಯ್ತೀಯ?"

"ಮೊದಲೆಲ್ಲ ಒಂಬತ್ತು ದಿನ ಆಗ್ತಿತ್ತು ಡೋನಾ. ಈಗೀಗ ನಾಲ್ಕೇ. ಅವನ ಕೈ ಪಳಗಿದೆಯಲ್ಲ."

"ಎಪ್ಪತ್ತೊಂದನೇ ವಯಸ್ಸಿಗೆ ಕಾಲು ಚುರುಕಾಯ್ತು ಅನ್ನು," ಎಂದು ಅವರು ಎದ್ದರು. ನಗಲಿಲ್ಲ.

ಶನಿವಾರ ಮಧ್ಯಾಹ್ನ ಎಲ್ಲರೂ ಎಲೆಗಳ ಕೋಣೆಯಲ್ಲಿ ಸೇರಿದರು. ತಿಬೂರ್ಸಿಯೊ ಟೋಪಿ ತೊಡೆಯ ಮೇಲಿಟ್ಟುಕೊಂಡು ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದ. ಕಳ್ಳ ಹೊರಗಿನವನಲ್ಲ ಎಂದು ಡೋನಾ ಅಲ್ಜೀರಾ ಶುರು ಮಾಡಿದ ಕೂಡಲೇ, ತಾನು ಗುರುವಾರವೆಲ್ಲ ಜ್ವರದಿಂದ ಮಲಗಿದ್ದೆ ಎಂದು ಎವಾಂಡ್ರೊ ಹೇಳತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅದು. ಅವರು ಕೈಸನ್ನೆಯಲ್ಲೇ ಅವನನ್ನು ಸುಮ್ಮನಾಗಿಸಿದರು.

"ಕ್ಲೋವಿಸ್ ಆಗಿದ್ರೆ ಹದಿನೇಳನ್ನೂ ಹೊತ್ಕೊಂಡು ಹೋಗಿ ಹೊಳೆಗೆ ಎಸೀತಿದ್ದ. ಈ ಕಳ್ಳ ಆರು ತಗೊಂಡು, ಮಿಕ್ಕಿದ್ದು ತೇವಕ್ಕೆ ಹಾಳಾಗಬಾರದು ಅಂತ ಮೇಲಿಟ್ಟು ಹೋದ. ನಾರು ಕಟ್ಟಿರೋದು ಕಾಡಿನೋರು ಹಾಕೋ ಗಂಟಿನಲ್ಲಿ. ಅಂಕಿ ಕಂಪ್ಯೂಟರಲ್ಲಿರೋದು ಅವನಿಗೂ ಗೊತ್ತು. ಅಂದ್ರೆ ಅವನಿಗೆ ಭಯ ಇದ್ದದ್ದು ಬರೀ ಕಾಗದದ್ದು. ಕಾಗದ ಏನು ಹೇಳ್ತಿತ್ತು? ಹಳೇ ಪುಸ್ತಕ ಬಿಡಿಸಿ ನೋಡಿ, ಪುಟಪುಟಕ್ಕೂ ಕೆಸರು, ಬೆವರು, ಸತ್ತ ಸೊಳ್ಳೆ. ಆ ಆರು ಚೊಕ್ಕ. ಅವನ್ನ ಬರೆದಿದ್ದು ಮರದ ಹತ್ರ ನಿಂತು ಅಲ್ಲ. ಮೂಲ ಪುಸ್ತಕ ಕೋರ್ಟಿನ ತಜ್ಞರ ಕೈಗೆ ಹೋಗಿದ್ರೆ ಮೊದಲ ಪುಟದಲ್ಲೇ ಗೊತ್ತಾಗ್ತಿತ್ತು."

ಅವರು ಅಂಕಿಗಳ ಹಾಳೆಯನ್ನು ಡಾಕ್ಟರಮ್ಮನ ಮುಂದೆ ಸರಿಸಿದರು.

"ಆರುನೂರು ಮರ ಇರೋ ಕಾಡಲ್ಲಿ ವರ್ಷಕ್ಕೆ ಎಂಟೋ ಹತ್ತೋ ಸಾಯ್ತಾವೆ. ಸಿಡಿಲು ಇದೆ, ಗಾಳಿ ಇದೆ, ಗೆದ್ದಲು ಇದೆ. ಮೊದಲ ಹನ್ನೊಂದು ವರ್ಷ ಹಾಗೇ ಆಗಿದೆ. ಆಮೇಲೆ ಆರು ವರ್ಷ ಒಂದೂ ಸತ್ತಿಲ್ಲ, ಬರದಲ್ಲೂ ಸತ್ತಿಲ್ಲ. ಓದಿದೋರು ನೀವು, ಪ್ರಬಂಧ ಬರೆದ್ರಿ. ಸುಳ್ಳು ಬರೆಯೋನು ಜಾಣ ಆಗಿದ್ರೆ ವರ್ಷಕ್ಕೆ ಹತ್ತು ಸಾಯಿಸ್ತಿದ್ದ. ಇವನ ಕೈಲಿ ಆಗಲಿಲ್ಲ. ಅಲ್ವೇನೋ ತಿಬೂರ್ಸಿಯೊ?"

ಮುದುಕ ಟೋಪಿಯನ್ನು ತೊಡೆಯಿಂದ ತೆಗೆದು ನೆಲಕ್ಕಿಟ್ಟ.

"ಆರು ವರ್ಷದ ಹಿಂದೆ ಹೋದಾಗ ಬರೀ ಬುಡಗಳು ಇದ್ವು. ನಂಬರಿನ ತಗಡು ನೆಲದ ತುಂಬಾ ಬಿದ್ದಿತ್ತು. ಒಂದೊಂದೂ ಮರ ನನಗೆ ಬಾಯಿಪಾಠ. ಯಾವುದು ಎಷ್ಟು ಬೆಳೀತಿತ್ತೋ ಅಷ್ಟು ಬೆಳೆಸ್ದೆ. ಸಾಯಿಸೋಕೆ ಮನಸ್ಸು ಬರಲಿಲ್ಲ. ನಿಜ ಹೇಳಿದ್ರೆ ತಾಕು ಮುಚ್ತೀರಿ, ಹಳ್ಳಿಯೋರ ದಾವೆ ಬಿದ್ದುಹೋಗುತ್ತೆ ಅಂದ್ಕೊಂಡೆ. ಪುಸ್ತಕ ಕಳೆದ್ರೆ ಎಲ್ಲರೂ ಕ್ಲೋವಿಸ್ ಅಂತಾರೆ, ಅಂಕಿ ಮಾತ್ರ ಉಳ್ಕೊಳ್ಳುತ್ತೆ ಅನ್ನಿಸ್ತು."

ಉಪಗ್ರಹದ ಚಿತ್ರದಲ್ಲಿ ಅಲ್ಲೆಲ್ಲ ಹಸಿರೇ ಇತ್ತಲ್ಲ ಎಂದು ಎವಾಂಡ್ರೊ ಗೊಣಗಿದ. ಕಡಿದ ಜಾಗದಲ್ಲಿ ಎರಡೇ ವರ್ಷಕ್ಕೆ ಕಳೆಮರ ಎದ್ದು ಮುಚ್ಚುತ್ತದೆ, ಮೇಲಿನಿಂದ ಅದೂ ಹಸಿರೇ ಎಂದು ಡೋನಾ ಅಲ್ಜೀರಾ ಅವನಿಗೆ ತಿಳಿಹೇಳಿದರು. ಆಮೇಲೆ ಅವರು ಹೇಳಿದ್ದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಏಳನೇ ತಾಕು ಕ್ಷೇಮವಾಗಿದೆ ಎಂದು ಕೇಂದ್ರವೇ ವರ್ಷ ವರ್ಷ ವರದಿ ಕಳಿಸುತ್ತಿದ್ದುದರಿಂದ ಕಾವಲಿನವರು ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಕಡಿಯುವವರಿಗೆ ಸುತ್ತಲಿನ ಕಾಡನ್ನೂ ಆರು ವರ್ಷ ನಿಶ್ಚಿಂತೆಯಿಂದ ಕಡಿಯಲು ಸಿಕ್ಕಿತ್ತು. ಮುದುಕ ಅದನ್ನು ಅಂದುಕೊಂಡೇ ಇರಲಿಲ್ಲವೆಂದು ಕಾಣುತ್ತದೆ. ಅವನ ಬಾಯಿ ತೆರೆದೇ ಉಳಿಯಿತು. ಜೆನಿವಾಲ್ಡೊಗೆ ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು, ಎರಡೂ ಆಗದೆ ಹೊರಗೆ ಹೋದ.

ತಿಬೂರ್ಸಿಯೊ ಕಾಡಿನಲ್ಲಿ ಕಟ್ಟಿಕೊಂಡು ಮಲಗುವ ತನ್ನ ಜೋಲಿಯ ಚೀಲದಿಂದ ಆರೂ ಪುಸ್ತಕ ತಂದುಕೊಟ್ಟ. ಸೋಮವಾರ ಹದಿನೇಳನ್ನೂ ನ್ಯಾಯಾಲಯಕ್ಕೆ ಒಯ್ದರು. ಅವನೇ ನಿಂತು ಎಲ್ಲ ಒಪ್ಪಿಕೊಂಡ. ಆರು ಸುಳ್ಳು ಬರೆದವನು ಹನ್ನೊಂದು ನಿಜ ಬರೆದಿದ್ದಾನೆಂದು ಹೇಗೆ ನಂಬುವುದು ಎಂದು ಜಮೀನ್ದಾರನ ವಕೀಲ ಕೇಳಿದ. ಕಾಡು ಸತ್ತಿದೆ ಎಂಬ ನಮ್ಮ ಮಾತು ನಿಜವೇ ಆಯಿತಲ್ಲ ಎಂದೂ ಸೇರಿಸಿದ. ಕಡಿದವರು ಯಾರೆಂದು ಡೋನಾ ಅಲ್ಜೀರಾ ಎದ್ದು ಕೇಳಿದಾಗ, ಇಂದಿನ ವಿಚಾರ ಅದಲ್ಲ ಎಂದು ಅವರನ್ನು ಕೂರಿಸಿದರು. ಕಾಲು ಗಂಟೆಯಲ್ಲಿ ಹಳ್ಳಿಯವರ ದಾವೆ ವಜಾ ಆಯಿತು.

ಮಂಗಳವಾರ ಬೆಳಿಗ್ಗೆ ಜೆನಿವಾಲ್ಡೊ ಬೊಮ್ ಸೊಸೆಗೊಗೆ ಹೋದಾಗ ತಾಯಿ ಹಿತ್ತಲಲ್ಲಿ ಮರಗೆಣಸಿನ ತುಂಡುಗಳನ್ನು ನೆಡುತ್ತಿದ್ದಳು.

"ಕಳ್ಳ ಸಿಕ್ಕಿದನಂತಲ್ಲ ಮಗಾ. ವೈರ್‌ಲೆಸ್ ರೇಡಿಯೋದಲ್ಲಿ ಪಕ್ಕದ ಊರಿನೋರು ಹೇಳಿದ್ರು," ಎಂದಳು. "ಪುಸ್ತಕ ಸಿಕ್ಕಿದ ಮೇಲೆ ಇನ್ನೇನು ಅಂತ ನೆಡೋಕೆ ಶುರು ಮಾಡ್ದೆ."

ಅವನು ಕೂತು ಎಲ್ಲವನ್ನೂ ಹೇಳಿದ.

"ಆರು ವರ್ಷದ ಹಿಂದೆ ನಿಮ್ಮಪ್ಪ ಇದ್ದ," ಎಂದಳು ಕೊನೆಗೆ. "ನಲವತ್ತು ಮನೆ ಗಂಡಸರೂ ಇದ್ರು. ಅವತ್ತು ಆ ಮುದುಕ ಬಂದು ಒಂದು ಮಾತು ಹೇಳಿದ್ರೆ ನಾವೇ ಹೋಗಿ ಅಡ್ಡ ನಿಲ್ತಿದ್ವಲ್ಲೋ. ನಮಗ್ಯಾಕೆ ಹೇಳಲಿಲ್ಲ ಅವನು?"

ತಾಯಿ ಬಗ್ಗಿ, ನೆಟ್ಟ ತುಂಡುಗಳನ್ನು ಒಂದೊಂದಾಗಿ ಮಣ್ಣಿನಿಂದ ಕಿತ್ತು ಚೀಲಕ್ಕೆ ತುಂಬತೊಡಗಿದಳು.