ಪೆಟ್ಟಿಗೆಯೊಳಗಿನ ಅಜಾನ್

ಮಕ್ತಲ್‌ನ ದೇವೇಂದ್ರಪ್ಪನವರ ಮನೆಯಲ್ಲಿ ಶುಕ್ರವಾರ ಮಧ್ಯಾಹ್ನ ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ, ಒಳಕೋಣೆಯ ಪೆಟ್ಟಿಗೆಯೊಳಗಿಂದ ಅಜಾನ್ ಕೇಳಿಸಿತು. ದಿನಾ ಲಿಂಗಪೂಜೆ ನಡೆಯುವ ಮನೆ. ಎಲ್ಲರೂ ದಂಗಾಗಿ ಪೆಟ್ಟಿಗೆ ತೆರೆದರು. ಒಳಗೆ ಒಂದು ಕೈಗಡಿಯಾರ ಕೂಗುತ್ತಿತ್ತು. ಅದೇ ಜಾಗದಲ್ಲಿದ್ದ, ಎಂಬತ್ತು ವರ್ಷ ಹಳೆಯ ಗದ್ವಾಲ ಸೀರೆ ಮಾಯವಾಗಿತ್ತು.

ಶನಿವಾರ ಬೆಳಿಗ್ಗೆ ಈ ಸುದ್ದಿಯನ್ನು ನಮಗೆ ತಂದವರು ಆ ಗಡಿಯಾರದ ಒಡೆಯರೇ, ನಾರಾಯಣಪೇಟೆಯ ನೇಕಾರ ಜಾನಿಮಿಯಾ.

ನಾನು ಸಂಗಮ್ಮ. ಮೂವತ್ತೆರಡು ವರ್ಷ ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದೆ. ಸುಳ್ಳು ಹೇಳುವ ರೋಗಿಯನ್ನು ಬಾಗಿಲಲ್ಲೇ ಗುರುತಿಸುತ್ತೇನೆಂದು ನನಗೆ ಬಹಳ ಜಂಬ. ಪಕ್ಕದ ಮನೆ ಲಕ್ಷ್ಮೀಬಾಯಿ ಅಕ್ಕೋರದು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಊರಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮೊದಲು ಅವರ ಕಟ್ಟೆಗೆ ಬರುತ್ತಾರೆ. ಅವರು ಹೋದಲ್ಲಿಗೆ ನಾನೂ ಹೋಗುತ್ತೇನೆ. ಬಾ ಎಂದು ಯಾರೂ ಕರೆಯುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ.

ಜಾನಿಮಿಯಾ ಕಟ್ಟೆಯ ಮೇಲೆ ಕೂತರು, ಆದರೆ ಕೊಟ್ಟ ಚಹಾ ಮುಟ್ಟಲಿಲ್ಲ. ಮಂಗಳವಾರ ಅವರಿಗೆ ಹೈದರಾಬಾದಿನಿಂದ ಹಜ್ ವಿಮಾನ. ನಲವತ್ತು ವರ್ಷ ಮಗ್ಗದ ಮುಂದೆ ಕೂತು ಕಾದ ಪ್ರಯಾಣ ಅದು.

"ಇವತ್ತ ಸಂಜೀ ಒಳಗ ಸೀರಿ ಬರಲಿಲ್ಲಂದ್ರ ಠಾಣಾಕ್ಕ ಹೋಗ್ತೀನಿ ಅಂದಾರ್ರಿ ಸಾವಕಾರ್ರು," ಎಂದರು. "ಕೇಸ್ ಆತಂದ್ರ ನನ್ನ ಯಾರು ವಿಮಾನ ಹತ್ತಿಸ್ತಾರ್ರಿ ಅಕ್ಕೋರ? ಹೋಗೋದು ತಪ್ಪಿದ್ರೂ ಸಹಿಸ್ತೀನಿ. ಕಳ್ಳ ಅನ್ನಿಸ್ಕೊಂಡು ಅಲ್ಲಾಹನ ದರವಾಜಾಕ್ಕ ಹೆಂಗ ಹೋಗ್ಲಿ?"

ಅಕ್ಕೋರು ಕೇಳುತ್ತಾ ಹೋದಂತೆ ಗುರುವಾರದ ಕತೆ ಹೊರಬಂತು. ಸೀರೆ ದೇವೇಂದ್ರಪ್ಪನವರ ತಾಯಿಯದು. ಅದರ ಅಂಚಿನಂಥ ಅಂಚು ಈಗ ಯಾರೂ ನೇಯುವುದಿಲ್ಲ. ಹಜ್‌ನಿಂದ ಬಂದ ಮೇಲೆ ಕೈಮಗ್ಗದಲ್ಲಿ ಅದನ್ನು ನೇಯಲೆಂದು ಜಾನಿಮಿಯಾ ನೋಡಲು ಹೋಗಿದ್ದರು. ಐದು ಗಂಟೆಗೆ ಆ ಮನೆಯ ಪಡಸಾಲೆಯಲ್ಲೇ ಗಡಿಯಾರದ ಮುಳ್ಳು ನೋಡಿ ದಿಕ್ಕು ಹಿಡಿದು ನಮಾಜು ಮಾಡಿದರು. ಸೂರ್ಯ ಮುಳುಗಿದಾಗ ಮತ್ತೆ ವಜೂ ಮಾಡಲು, ಅಂದರೆ ನಮಾಜಿಗೆ ಮುಂಚೆ ಕೈಕಾಲು ತೊಳೆಯಲು, ಹಿತ್ತಲ ನಳದ ಹತ್ತಿರ ಗಡಿಯಾರ ಬಿಚ್ಚಿಟ್ಟರು. ನಮಾಜು ಮುಗಿಸಿ ಬಂದರೆ ಗಡಿಯಾರ ಇರಲಿಲ್ಲ.

ಆಗಲೇ ಬಾಯಿಬಿಟ್ಟು ಹೇಳಬೇಕಿತ್ತಲ್ಲವೇ ಎಂದು ನಾನು ಗದರಿದೆ. ಹೇಳಿದರೆ ಮನೆಯವರ ಮೇಲೆ ಅನುಮಾನಪಟ್ಟಂತೆ ಆಗುತ್ತದೆಂದು ಸುಮ್ಮನೆ ಬಸ್ ಹತ್ತಿದರಂತೆ. ಇಂಥ ಮರ್ಯಾದಸ್ಥರ ಮೇಲೆ ನನಗೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ.

"ಗಡಿಯಾರದ ಜೋಡಿ ಪುಸ್ತಕ ಬಂದಿತ್ತೇನು?" ಎಂದು ಕೇಳಿದರು ಅಕ್ಕೋರು. ಉರ್ದುವಿನ ಕಿರುಹೊತ್ತಿಗೆ ಮನೆಯಲ್ಲಿತ್ತು. ನಿಜಾಮರ ಕಾಲದ ತಂದೆಯಿಂದ ಉರ್ದು ಕಲಿತಿದ್ದ ಅಕ್ಕೋರು ಬಸ್ಸಿನಲ್ಲಿ ಮಕ್ತಲ್‌ವರೆಗೂ ಅದನ್ನೇ ಓದಿದರು. ನಾನು ಕಿಟಕಿಯಾಚೆ ಹತ್ತಿಯ ಹೊಲ ನೋಡುತ್ತಾ ಬೈದುಕೊಳ್ಳುತ್ತಿದ್ದೆ.

ದೇವೇಂದ್ರಪ್ಪನವರು ನಮಗೆ ಕುರ್ಚಿ ಕೊಟ್ಟರು, ಜಾನಿಮಿಯಾರ ಮುಖ ನೋಡಲಿಲ್ಲ. ಪೆಟ್ಟಿಗೆಯ ಕೀಲಿ ಗೋಡೆಯ ಮೊಳೆಗೆ ತೂಗುತ್ತದೆ, ಮನೆಯವರಿಗೂ ಜಾನಿಮಿಯಾರಿಗೂ ಅದು ಗೊತ್ತು. ಮನೆಯಲ್ಲಿ ಇನ್ನು ಮೂವರು. ಹೆಂಡತಿ ಗುರಮ್ಮ. ಆ ಸೀರೆ ತನಗೆ ಕೊಡಲಿಲ್ಲವೆಂದು ವಾರದ ಹಿಂದೆ ಜಗಳವಾಡಿದ್ದ ಮಗಳು ಐಶ್ವರ್ಯ. ಮನೆಯ ಸೀರೆ ಅಂಗಡಿ ನೋಡಿಕೊಳ್ಳುವ ತಮ್ಮನ ಮಗ ಬಸವಪ್ರಸಾದ. ಊರಿನ ಎಲ್ಲರ ಫೋನು, ಟೀವಿ ಸರಿಮಾಡಿಕೊಡುವ ಹುಡುಗ. ನಾವು ಹೋದಾಗ ಗದ್ವಾಲಿಗೆ ಹೋಗಬೇಕಾದ ಸೀರೆಗಳ ಗಂಟು ಕಟ್ಟಿ ಬಾಗಿಲ ಹತ್ತಿರ ಇಡುತ್ತಿದ್ದ. ನನಗಂತೂ ಐಶ್ವರ್ಯಳ ಮೇಲೇ ಕಣ್ಣು.

ಗಡಿಯಾರವನ್ನು ನಾವಿಬ್ಬರೂ ಪಕ್ಕದ ಕೋಣೆಯಲ್ಲಿ ಕೂತು ನೋಡಿದೆವು. ಹೊತ್ತು ಸರಿಯಾಗಿಯೇ ತೋರಿಸುತ್ತಿತ್ತು. ಕೆಳಗೆ ಹಿಜ್ರಿ, ಅಂದರೆ ಚಂದ್ರನ ಲೆಕ್ಕದ, ತಾರೀಖು ಹದಿನೆಂಟು. ಬರುವ ದಾರಿಯಲ್ಲಿ ಮಸೀದಿಯ ಹಲಗೆಯ ಮೇಲೆ ಹದಿನೇಳು ಎಂದು ಬರೆದದ್ದನ್ನು ನಾನೇ ಓದಿದ್ದೆ. ಕಿಬ್ಲಾ, ಅಂದರೆ ಮಕ್ಕಾದ ದಿಕ್ಕು, ತೋರಿಸುವ ಮುಳ್ಳು ಉತ್ತರಕ್ಕೆ, ಅಡುಗೆಮನೆಯ ಕಡೆ ನಿಂತಿತ್ತು. ಮೂಲೆಯಲ್ಲಿ ಊರಿನ ಗುರುತಿಗೆ ಎಂ, ಎ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ. ಮಕ್ಕಾ ಎಂದು ಪುಸ್ತಕದಲ್ಲಿತ್ತು.

"ಹೋಗೋ ಊರು ಮೊದಲೇ ಇಟ್ಕೊಂಡಾರ, ಪಾಪ," ಎಂದೆ.

ಊರು ಬದಲಿಸುವ ಪಟ್ಟಿ ತೆರೆಯಲು ಪುಸ್ತಕ ಮುಂದಿಟ್ಟುಕೊಂಡೂ ನಮಗೆ ಅರ್ಧ ಗಂಟೆ ಹಿಡಿಯಿತು. ಎರಡು ಗುಂಡಿ ಒಟ್ಟಿಗೆ ಒತ್ತಿ ಐದು ಎಣಿಸಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದೇ ಇರಬೇಕು. ಕೊನೆಗೆ ಅವರು ಹೈದರಾಬಾದ್ ಇಟ್ಟರು. ತಕ್ಷಣ ಗಡಿಯಾರ ಎರಡೂವರೆ ತಾಸು ಮುಂದೆ ಜಿಗಿಯಿತು. ಅಕ್ಕೋರು ನಕ್ಕರು. ಆ ನಗೆ ನನಗೆ ಗೊತ್ತು, ಕಳ್ಳ ಸಿಕ್ಕ ಅಂತಲೇ ಅರ್ಥ.

ನನ್ನ ಸೆರಗಿನ ಪಿನ್ನು ಕೇಳಿ ತೆಗೆದುಕೊಂಡು, ಗಡಿಯಾರದ ಬೆನ್ನಿನ ಸಣ್ಣ ತೂತಿಗೆ ಚುಚ್ಚಿದರು. ಪರದೆ ಖಾಲಿಯಾಯಿತು.

ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದರು. ಜಾನಿಮಿಯಾ ಕಂಬಕ್ಕೆ ಒರಗಿ ನಿಂತರು. ಈ ಗಡಿಯಾರವನ್ನು ಯಾರಾದರೂ ಮುಟ್ಟಿದ್ದೀರಾ ಎಂದು ಅಕ್ಕೋರು ಒಬ್ಬೊಬ್ಬರನ್ನೇ ಕೇಳಿದರು. ಪೆಟ್ಟಿಗೆಯಿಂದ ತೆಗೆದವನು ತಾನೊಬ್ಬನೇ, ಬೇರೆ ಯಾರೂ ಮುಟ್ಟಿಲ್ಲ ಎಂದರು ದೇವೇಂದ್ರಪ್ಪ. ಉಳಿದ ಮೂವರೂ ಇಲ್ಲವೆಂದರು. ಕೈಯಲ್ಲಿ ಹಿಡಿದೇ ಇಲ್ಲ ಎಂದು ಬಸವಪ್ರಸಾದ ಎರಡು ಸಲ ಹೇಳಿದ.

"ನನ್ನ ಕೈಯಾಗ ಬಂದ್ ಬಿತ್ತು ನೋಡ್ರಿ," ಎಂದು ಅಕ್ಕೋರು ಪೆಚ್ಚುಮೋರೆ ಮಾಡಿದರು. "ಯಾರಾದ್ರೂ ಸ್ವಲ್ಪ ಚಾಲೂ ಮಾಡಿ, ನಮ್ಮೂರಿಗೆ ಹೊಂದಿಸಿ ಕೊಡ್ರಿ."

ಗುರಮ್ಮ ತನಗೆ ಓದಲು ಬರುವುದಿಲ್ಲ ಎಂದರು. ಐಶ್ವರ್ಯ ತೆಗೆದುಕೊಂಡು ಒಂದೊಂದೇ ಗುಂಡಿ ಒತ್ತಿದಳು, ಯಾವುದು ಎಂದು ಕೇಳಿದಳು, ಫೋನಿನಲ್ಲಿ ಹುಡುಕಲು ಹೊರಟಳು. ಬಸವಪ್ರಸಾದನಿಗೆ ತಡೆಯಲಾಗಲಿಲ್ಲ. ತನಗೆ ಬರುವ ವಿದ್ಯೆಯನ್ನು ಇನ್ನೊಬ್ಬರು ಕೆಡಿಸುವುದು ಅವನಿಂದ ನೋಡಲಾಗುವುದಿಲ್ಲ.

"ತಾ ಇಲ್ಲಿ," ಎಂದು ಕಸಿದುಕೊಂಡ. ಎರಡು ಗುಂಡಿ ಒಟ್ಟಿಗೆ ಒತ್ತಿ ಐದು ಎಣಿಸಿದ, ಒಂದನ್ನು ಬಿಟ್ಟ. "ಇಷ್ಟ ಐತಿ ನೋಡು. ಇಲ್ಲೇ ಮಕ್ತಲ್ ಐತಲ್ಲ." ಆಮೇಲೆ ಇಂಗ್ಲಿಷ್ ತಾರೀಖು ತುಂಬಿ, ಗೋಡೆಯ ಗಡಿಯಾರ ನೋಡಿ ತಾಸು, ನಿಮಿಷ ಹೊಂದಿಸಿ ಅಕ್ಕೋರ ಕೈಗಿಟ್ಟ.

ಅಕ್ಕೋರು ಅದನ್ನು ದೇವೇಂದ್ರಪ್ಪನವರ ಮುಂದೆ ಹಿಡಿದರು. ಎಂ, ಎ, ಕೆ. ಮುಳ್ಳು ಅಡುಗೆಮನೆಯ ಕಡೆ. ತಾರೀಖು ಹದಿನೆಂಟು.

"ಸಾವಕಾರ್ರ, ನೀವು ಪೆಟ್ಟಿಗಿಯಿಂದ ತೆಗೆದಾಗಲೂ ಹಿಂಗ ಇತ್ತು," ಎಂದರು. "ಗುರುವಾರ ಜಾನಿಮಿಯಾ ಇಲ್ಲೇ ನಮಾಜು ಮಾಡಿದಾಗ ಮುಳ್ಳು ಯಾವ ಕಡೆ ಇತ್ತು?"

ಬಾಗಿಲ ಕಡೆ, ಪಡುವಣಕ್ಕೆ ಎಂದರು ದೇವೇಂದ್ರಪ್ಪ. ಎಷ್ಟು ಚಂದದ ಯಂತ್ರ ಎಂದು ತಾವೇ ಬಗ್ಗಿ ನೋಡಿದ್ದರಂತೆ.

ಆಮೇಲೆ ಅಕ್ಕೋರು ತರಗತಿಯಲ್ಲಿ ನಿಂತಂತೆ ನಿಂತು ಬಿಡಿಸಿ ಹೇಳಿದರು. ಅರಬರ ನಾಡಿಗಿಂತ ಈ ಸಲ ನಮ್ಮಲ್ಲಿ ಚಂದ್ರ ಕಂಡದ್ದು ಒಂದು ದಿನ ತಡವಾಗಿ. ಅದಕ್ಕೇ ಜಾನಿಮಿಯಾ ತಮ್ಮ ಗಡಿಯಾರದಲ್ಲಿ ತಾರೀಖನ್ನು ಒಂದು ದಿನ ಹಿಂದೆ ಇಟ್ಟಿದ್ದರು. ಸೀರೆ ಕದಿಯುವಾಗ ಅವರೇ ಬೀಳಿಸಿದ್ದರೆ ಆ ಹೊಂದಿಕೆ ಹಾಗೇ ಇರಬೇಕಿತ್ತು, ಮುಳ್ಳು ಪಡುವಣಕ್ಕೇ ಇರಬೇಕಿತ್ತು. ಎರಡೂ ಅಳಿಸಿಹೋಗಿವೆ. ಮಕ್ಕಾದಲ್ಲೇ ಇದ್ದೇನೆಂದುಕೊಂಡ ಗಡಿಯಾರಕ್ಕೆ ತೋರಿಸಲು ದಿಕ್ಕೇ ಇಲ್ಲ, ಮುಳ್ಳು ಸುಮ್ಮನೆ ಉತ್ತರಕ್ಕೆ ನಿಂತಿದೆ. ಅಂದರೆ ನಳದ ಹತ್ತಿರ ಕದ್ದವನಿಗೆ, ರಾತ್ರಿ ನಮಾಜಿನ ಹೊತ್ತಿಗೆ ಇದು ಕಿಸೆಯಲ್ಲಿ ಕೂಗೀತೆಂಬ ಭಯ ಹುಟ್ಟಿದೆ. ಬಾಯಿ ಮುಚ್ಚಿಸಲು ಬೆನ್ನಿನ ತೂತಿಗೆ ಪಿನ್ನು ಚುಚ್ಚಿದ್ದಾನೆ. ಗಡಿಯಾರ ಎಲ್ಲ ಮರೆತು, ಯಾವ ಊರು ಎಂದು ಕೇಳಿದೆ. ಬೆಳಿಗ್ಗೆ ಪೆಟ್ಟಿಗೆಯಲ್ಲಿಡುವಾಗ, ಖಾಲಿ ಪರದೆ ಅನುಮಾನ ತಂದೀತೆಂದು ಅವನು ಊರು, ಹೊತ್ತು ಇಟ್ಟಿದ್ದಾನೆ. ಹೊಸದಾಗಿ ಚಾಲೂ ಆದ ಗಡಿಯಾರ ಅಜಾನ್ ಕೂಗುವುದನ್ನೂ ಹೊಸದಾಗಿ ಶುರುಮಾಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಹಜ್‌ಗೆ ಹೊಂಟವರು ಅವರಽ ಮಕ್ಕಾ ಇಟ್ಕೊಂಡಿರಬಹುದಲ್ಲ," ಎಂದ ಬಸವಪ್ರಸಾದ.

"ಇಟ್ಕೊಂಡಿದ್ರ ಇದು ಮಕ್ಕಾದ ಹೊತ್ತು ತೋರಿಸಬೇಕಿತ್ತು. ಅದು ನಮಗಿಂತ ಎರಡೂವರಿ ತಾಸು ಹಿಂದ. ಇದರಾಗ ಮಕ್ಕಾ ಇಟ್ಟು, ಕೈಯಿಂದ ಮಕ್ತಲ್ ಹೊತ್ತು ತುಂಬ್ಯಾರ. ಆ ಮೂರು ಅಕ್ಷರ ನೋಡಿ ನಮ್ಮೂರು ಅಂತ ತಿಳಕೊಂಡವನಽ ಹಂಗ ಮಾಡ್ತಾನ. ಈಗ ನನ್ನ ಕಣ್ಣ ಮುಂದ ನೀ ಮಾಡಿದ್ದೂ ಅದನ್ನ. ಮುಟ್ಟೇ ಇಲ್ಲ ಅಂದವನಿಗೆ ಆ ಗುಂಡಿ ಯಾರು ಕಲಿಸಿದ್ರಪ್ಪ?"

ಬಸವಪ್ರಸಾದನ ಕಣ್ಣು ಬಾಗಿಲ ಹತ್ತಿರದ ಗಂಟಿನ ಕಡೆ ಹೋಯಿತು.

"ಸಂಗಮ್ಮ, ಆ ಗದ್ವಾಲದ ಗಂಟು ಬಿಚ್ಚು," ಎಂದರು ಅಕ್ಕೋರು.

ಬಿಚ್ಚಿದೆ. ಹೊಸ ಸೀರೆಗಳ ನಡುವೆ, ಹಳೆಯ ಪಂಚೆಯಲ್ಲಿ ಸುತ್ತಿದ ಆ ಸೀರೆ ಇತ್ತು. ಗದ್ವಾಲದ ಒಬ್ಬ ಪವರ್‌ಲೂಮಿನವನಿಗೆ ಆ ಅಂಚನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದನಂತೆ. ಜಾನಿಮಿಯಾ ನೇಯ್ದರೆ ಅದು ಅವರ ಕೈಯಲ್ಲೇ ಉಳಿಯುತ್ತದೆ, ಅವರ ಮೇಲೆ ಕಳವು ಬಿದ್ದರೆ ಸೀರೆಯೂ ಸಿಗುತ್ತದೆ, ಅವರೂ ದಾರಿಯಿಂದ ಸರಿಯುತ್ತಾರೆ ಎಂಬುದು ಅವನ ಲೆಕ್ಕಾಚಾರ. ನನಗೆ ಅವನ ಕೆನ್ನೆಗೆ ಒಂದು ಬಿಗಿಯುವ ಆಸೆಯಾಗಿತ್ತು. ಐಶ್ವರ್ಯಳ ಮುಖ ನೋಡಲು ನಾಚಿಕೆಯೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ.

ದೇವೇಂದ್ರಪ್ಪನವರು ಎದ್ದು ಕಂಬದ ಹತ್ತಿರ ಹೋದರು. ಠಾಣೆಗೆ ಹೋಗುತ್ತೇನೆಂದ ಮನುಷ್ಯ, ಈಗ ಜಾನಿಮಿಯಾರ ಎರಡೂ ಕೈ ಹಿಡಿದುಕೊಂಡು ನಿಂತರು. "ಮೂವತ್ತು ವರ್ಷ ನೋಡಿದವನು ನಾನು, ಒಂದು ಗಡಿಯಾರ ನೋಡಿ ನಂಬಿಬಿಟ್ಟೆ," ಎಂದರು. "ಮಕ್ಕಾದಾಗ ಬೇಡ್ಕೊಳ್ಳುವಾಗ ನಮ್ಮ ಹೆಸರು ಹೇಳಾಕ ಮನಸ್ಸು ಬರದಿದ್ರ ಬ್ಯಾಡ."

ಜಾನಿಮಿಯಾ ಬಿಚ್ಚಿದ ಗಂಟಿನ ಕಡೆ ನೋಡಿದರು. "ನಿಮ್ಮ ತಾಯಿ ಸೀರಿ ಮೊದಲು ಮಡಚಿ ಇಡ್ರಿ," ಎಂದರು. "ಬಂದ ಮ್ಯಾಲೆ ನೇಯೋದೈತಿ."

ಅಕ್ಕೋರು ಗಡಿಯಾರಕ್ಕೆ ಹೈದರಾಬಾದ್ ಇಟ್ಟು, ಹೊತ್ತು ಸರಿಮಾಡಿ, ತಾರೀಖು ಒಂದು ದಿನ ಹಿಂದೆ ಸರಿಸಿ ಕೊಟ್ಟರು. ಮುಳ್ಳು ಬಾಗಿಲ ಕಡೆ ತಿರುಗಿತು. ಮಂಗಳವಾರ ಅವರನ್ನು ಕಳಿಸಲು ದೇವೇಂದ್ರಪ್ಪನವರೇ ಜೀಪು ಮಾಡಿಕೊಂಡು ಬಂದರು.

ಎಂಟು ದಿನದ ಮೇಲೆ ಅಕ್ಕೋರ ಫೋನಿಗೆ ಜಾನಿಮಿಯಾರ ದನಿ ಬಂತು. ಹಿಂದೆ ಜನಸಾಗರದ ಸದ್ದು.

"ಅಕ್ಕೋರ, ಈಗ ಎಂ, ಎ, ಕೆ ಇಟ್ಟೀನ್ರಿ," ಎಂದರು.