ಕಾಯಿ ಒಡೆದ ದಿನದ ಸದ್ದು

"ಫ್ಯಾನ್ ಬಂದ್ ಮಾಡ್ರಿ. ಯಾರೂ ಮಾತಾಡಬ್ಯಾಡ್ರಿ."

ಬಂದವನು ಹೆಸರು ಹೇಳಲಿಲ್ಲ, ಚಹಾ ಬೇಕೆನ್ನಲಿಲ್ಲ. ನೇರವಾಗಿ ನೆಲಕ್ಕೆ ಮಂಡಿಯೂರಿ, ಕಂಪ್ಯೂಟರಿನ ಡಬ್ಬಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿಬಿಟ್ಟ.

ಕಟ್... ಕಟ್... ಕರ್ರ್... ಕಟ್.

ಜಹೀರಾಬಾದಿನ ಬಸ್ ಸ್ಟ್ಯಾಂಡ್ ಹಿಂದಿನ ಶರಣಪ್ಪನವರ ಫೋಟೊ ಸ್ಟುಡಿಯೋದಲ್ಲಿ ಅಷ್ಟು ಮೌನ ಹಿಂದೆಂದೂ ಆವರಿಸಿರಲಿಲ್ಲ. ಮದುವೆ ಆಲ್ಬಮ್ ಮಾಡುವ ಸಂಪದಾ ಗೋಡೆಗೆ ಒರಗಿ ನಿಂತಿದ್ದಳು. ಆ ಸದ್ದು ಅವಳ ಎದೆಯೊಳಗಿಂದಲೇ ಬರುತ್ತಿದೆಯೇನೋ ಅನ್ನಿಸುತ್ತಿತ್ತು.

"ಜರಾ ಇಲ್ಲಿ ಬರ್ರಿ ಮೇಡಂ. ನೀವೂ ಕೇಳ್ರಿ."

ಅವಳು ಪಕ್ಕದಲ್ಲಿ ಕುಳಿತು ಕಿವಿ ಹಚ್ಚಿದಳು. ಅವನು ಕಣ್ಣು ತೆರೆದ. ಇಬ್ಬರ ಮುಖದ ನಡುವೆ ಒಂದು ಗೇಣೂ ಇರಲಿಲ್ಲ. ಅವನ ಹಣೆಯ ಮೇಲೆ ಬೆಳಗಿನ ವಿಭೂತಿ, ಅದರ ಕೆಳಗೆ ಧೂಳು, ಅದರ ಕೆಳಗೆ ಎರಡು ಶಾಂತವಾದ ಕಣ್ಣುಗಳು. ಸಂಪದಾಳಿಗೆ ಕೇಳಬೇಕಾದ ಸದ್ದು ಮರೆತೇ ಹೋಯಿತು.

"ಯಾವಾಗಿಂದ ಹಿಂಗ ಬರಾಕತ್ತದ?"

"ದಸರಾ ಆದ ಮ್ಯಾಲ್ರಿ."

"ಏನರ ಪೆಟ್ಟು ಬಿದ್ದಿತ್ತೇನ್ರಿ? ಕಾಲು ತಾಗಿತ್ತೇನು, ಎತ್ತಿ ಇಟ್ಟಿದ್ರೇನು?"

ಹಿಂದೆ ಶರಣಪ್ಪ ಕಾಕಾ ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ಇಲ್ರಿ," ಎಂದಳು ಸಂಪದಾ.

ಇದು ಅವಳ ಬದುಕಿನ ಮೊದಲ ಸುಳ್ಳೇನಲ್ಲ. ಮನೆಯಲ್ಲಿ ಬೇಕಾದಷ್ಟು ಹೇಳಿದ್ದಾಳೆ. ಆದರೆ ಆ ಸುಳ್ಳುಗಳಿಂದ ಯಾರಿಗೂ ಏನೂ ಆಗಿರಲಿಲ್ಲ.

ನಡೆದದ್ದು ಇಷ್ಟೇ. ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಶರಣಪ್ಪ ಕಾಕಾ, "ಎಲ್ಲಾ ಮಷಿನ್ ಬಂದ್ ಮಾಡಿ ಪೂಜಾ ಮಾಡವ್ವ," ಎಂದು ಹೇಳಿ ಹಬ್ಬಕ್ಕೆ ತಮ್ಮ ಹುಟ್ಟೂರು ಕಂಗ್ಟಿಗೆ ಹೋಗಿದ್ದರು. ಸಂಪದಾ ಕ್ಯಾಮೆರಾಗಳಿಗೆ ವಿಭೂತಿ ಹಚ್ಚಿದಳು, ಲೈಟಿನ ಸ್ಟ್ಯಾಂಡಿಗೆ ಚೆಂಡುಹೂವು ಕಟ್ಟಿದಳು. ಆದರೆ ಕಂಪ್ಯೂಟರ್ ಮಾತ್ರ ಬಂದ್ ಮಾಡಲಿಲ್ಲ. ಕಪ್ಪು ಪರದೆಗೆ ಪೂಜೆ ಮಾಡಿದರೆ ಸ್ಟೇಟಸ್‌ಗೆ ಹಾಕುವ ಫೋಟೊ ಚೆಂದ ಬರುವುದಾದರೂ ಹೇಗೆ? ಪರದೆಯ ತುಂಬ ಬಸವಣ್ಣನ ಚಿತ್ರ ಇಟ್ಟು ಆರತಿ ಬೆಳಗಿದಳು. ಕಾಯಿ ಬಲು ಗಟ್ಟಿಯಿತ್ತು. ಡಬ್ಬಿ ಕೂರಿಸಿದ್ದ ತಾಂಡೂರು ಕಲ್ಲಿನ ಚಪ್ಪಡಿಯ ಅಂಚಿಗೇ ಸಿಟ್ಟಿನಿಂದ ಕುಟ್ಟಿದಳು. ಒಡೆಯಲಿಲ್ಲ. ಮತ್ತೆ ಕುಟ್ಟಿದಳು. ಕಾಯಿ ಒಡೆಯಿತು, ಪರದೆ ಒಮ್ಮೆ ನಡುಗಿ ನಿಂತಿತು.

ಫೋಟೊಗೆ ತುಂಬ ಲೈಕ್ ಬಂದವು. ಹಬ್ಬ ಮುಗಿಸಿ ಕೆಲಸಕ್ಕೆ ಕುಳಿತಾಗ ಸದ್ದು ಶುರುವಾಗಿತ್ತು.

ಅವನ ಹೆಸರು ಅಮರನಾಥ. ಮಾರ್ಕೆಟ್ಟಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಸಂಪದಾ ಕೆಲಸಕ್ಕೆ ಸೇರುವ ಮೊದಲೇ ಆ ಹಾರ್ಡ್ ಡಿಸ್ಕ್ ಕೂರಿಸಿದವನು ಅವನೇ. ಅದರೊಳಗೆ ಸುತ್ತಮುತ್ತಲಿನ ಊರುಗಳ ಮದುವೆಗಳೆಲ್ಲ ಇದ್ದವು. ತನ್ನ ಅಂಗಡಿ ಮುಚ್ಚಿದ ಮೇಲೆ ಅವನು ದಿನವೂ ಸಂಜೆ ಬರತೊಡಗಿದ.

"ಪೆಟ್ಟು ಬಿದ್ದಿಲ್ಲಂದ್ರ ಡಿಸ್ಕ್ ಚಲೋನ ಅದ ಮೇಡಂ. ಕರೆಂಟ್ ಸರಿ ಸಿಗವಲ್ತು, ಅದಕ ಹಿಂಗ ನರಳಾಕತ್ತದ."

ಒಂದು ದಿನ ವೈರ್ ಬದಲಿಸಿದ. ಇನ್ನೊಂದು ದಿನ ಪವರ್ ಸಪ್ಲೈ ಬದಲಿಸಿದ. ಪ್ರತಿ ಸಲ ಚಾಲೂ ಮಾಡಿ ಒಳಗಿದ್ದುದನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಹಚ್ಚುತ್ತಿದ್ದ, ಸ್ವಲ್ಪ ಓಡಿ ನಿಲ್ಲುತ್ತಿತ್ತು. ಮತ್ತೆ ಚಾಲೂ ಮಾಡುತ್ತಿದ್ದ. ಸದ್ದು ದಿನೇದಿನೇ ಒರಟಾಗುತ್ತಿತ್ತು.

ಆ ನಡುವೆ ಮಾತು ಬೆಳೆಯಿತು. ಅವನಿಗೆ ಚಹಾಕ್ಕೆ ಸಕ್ಕರೆ ಜಾಸ್ತಿ ಬೇಕು ಎಂಬುದು ಅವಳಿಗೆ ಗೊತ್ತಾಯಿತು. ಅವಳಿಗೆ ಸೀತಾಫಲ ಅಂದರೆ ಪ್ರಾಣ ಎಂಬುದು ಅವನಿಗೆ ಗೊತ್ತಾಗಿ, ಧಾರೂರಿನ ಅಕ್ಕನ ಮನೆಯಿಂದ ಒಂದು ಚೀಲ ತಂದಿಟ್ಟ.

"ತಿಂದು ನೋಡ್ರಿ. ಹೊಲದಾಗಿನ ಗಿಡದ್ದು."

ತಿಂದಳು. ಅರ್ಧಕ್ಕೇ ಕೆಳಗಿಟ್ಟಳು.

'ಇವನು ದಿನಾ ಬರಲಿ ಅಂತ ಆಸೆ... ಯಾಕೆ ಬರಬೇಕಾಗಿದೆ ಅಂತ ನೆನೆದರೆ ನಾಚಿಕೆ. ಇವತ್ತು ಹೇಳಿಬಿಡಲೇ? ಹೇಳಿದರೆ ಈ ಕಣ್ಣು ನನ್ನನ್ನು ಹೀಗೆ ನೋಡುತ್ತದೆಯೇ?'

ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಅದರ ಬದಲು ನಾರಾಯಣಖೇಡದಿಂದ ದೇವಿಕಾ ಬಂದಳು.

ದೇವಿಕಾಳ ಮದುವೆ ಬೇಸಿಗೆಯಲ್ಲಿ ಆಗಿತ್ತು. ವೀಡಿಯೊ ಕೊಡುವುದು ತಡವಾಗಿತ್ತು. ಮಳೆಗಾಲದಲ್ಲಿ ಅವಳ ಅಪ್ಪ ಕಾಶಿರಾಮ ತೀರಿಕೊಂಡಿದ್ದರು.

"ನಮ್ಮಪ್ಪ ಫೋಟೊ ತಗಸ್ಕೊಳ್ಳಾಕ ಒಲ್ಲೆ ಅಂತಿದ್ದ ಕಾಕಾ. ಅಂವನ ದನಿ ಇರೋದು ಆ ಮದಿವಿ ವೀಡಿಯೊದಾಗ ಅಷ್ಟೇ. ಆಲ್ಬಮ್ ತಡ ಆದ್ರ ಆಗ್ಲಿ, ಅದೊಂದು ಕೊಡ್ರಿ."

ಶರಣಪ್ಪ ಕಾಕಾ ಅಮರನಾಥನ ಕಡೆ ತಿರುಗಿದರು. "ನೀ ಕೂಡ್ಸಿದ ಡಿಸ್ಕು. ವರ್ಷ ತುಂಬೋದ್ರಾಗ ಹಿಂಗಾಗ್ಯದ. ಈ ಹುಡುಗಿಗಿ ನಾ ಏನ್ ಹೇಳ್ಲಿ?"

"ಗಲತಿ ನಂದೇ ಕಾಕಾ. ಐತವಾರ ಸ್ಟುಡಿಯೋ ಬಂದ್ ಇರ್ತದ. ಮುಂಜಾನಿಂದ ಸಂಜಿತನಕ ಒಂದೇ ಸಮ ಕಾಪಿ ಹಚ್ತೀನಿ. ಹೆಂಗರ ಮಾಡಿ ತಗೀತೀನಿ."

ಸಂಪದಾ ಮೌಸ್ ಹಿಡಿದು ಕುಳಿತೇ ಇದ್ದಳು. ತುಟಿ ಬಿಚ್ಚಿದರೆ ಸಾಕಿತ್ತು. ಬಿಚ್ಚಲಿಲ್ಲ.

ಹೊರಡುವಾಗ ಅವನು ಬಾಗಿಲಲ್ಲಿ ನಿಂತ. "ಇಷ್ಟು ದಿನ ಆತು, ಒಂದ್ ಮಾತು ಕೇಳ್ಲೇನ್ರಿ? ನಾ ಖರಾಬ್ ಮಾಲು ಹಾಕೀನಿ ಅಂತ ನೀವೂ ತಿಳ್ಕೊಂಡೀರೇನು?"

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೆ. ಆದರೆ ಪಾಪ, ಅವನಿಗೆ ಕಂಡದ್ದು ತಿರುಗಿದ ಬೆನ್ನು ಮಾತ್ರ.

"ಆತು ಬಿಡ್ರಿ. ತಿಳೀತು," ಎಂದು ಹೊರಟುಹೋದ.

ಭಾನುವಾರ ಬೆಳಗ್ಗೆ ತನ್ನೂರು ಝರಾಸಂಗದ ಮನೆಯಲ್ಲಿ ಅವ್ವ ಬಿಸಿ ರೊಟ್ಟಿ ಹಾಕಿದಳು. ಸಂಪದಾ ಒಂದು ತುತ್ತು ಮುರಿದಳು, ಅಷ್ಟೇ. ಅಡುಗೆಮನೆಯ ಮೂಲೆಯಲ್ಲಿ ಅವ್ವ ನೆಲಕ್ಕೆ ಕಾಯಿ ಕುಟ್ಟಿದಳು. ಆ ಸದ್ದಿಗೆ ಸಂಪದಾ ತಟ್ಟೆ ಬಿಟ್ಟು ಎದ್ದಳು. ಅಮರನಾಥ ಹೇಳಿದ್ದ ಮಾತು ನೆನಪಾಯಿತು: "ಒಳಗ ಒಂದು ತಟ್ಟಿ ತಿರುಗ್ತಿರ್ತದ ಮೇಡಂ. ಅದಕ್ಕ ತಾಗದಂಗ ಮ್ಯಾಲ ಒಂದು ಸಣ್ಣ ಸೂಜಿ ಓಡಾಡ್ತದ. ಪೆಟ್ಟು ಬಿದ್ದಿದ್ರ ಆ ಸೂಜಿ ತಟ್ಟೀನ ಕೆರೀತದ. ಆವಾಗ ಚಾಲೂ ಮಾಡಿದಷ್ಟೂ ಹಾಳು. ನಿಮ್ಮದು ಪುಣ್ಯಾ, ಪೆಟ್ಟು ಬಿದ್ದಿಲ್ಲ."

ಸಂಜೆಯ ತನಕ ಒಂದೇ ಸಮ... ಕಾಶಿರಾಮರ ದನಿಯನ್ನು ಆ ಸೂಜಿ ಕೆರೆಯುತ್ತದೆ. ಚಾಲೂ ಮಾಡುವ ಕೈ ಅವನದು, ಪಾಪ ಅವಳದು.

ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಬಸ್ ಹತ್ತಿ ಮತ್ತೆ ಮಾಡಿದಳು, ಎತ್ತಲಿಲ್ಲ. ಎತ್ತುವುದಾದರೂ ಯಾಕೆ? ಬೆನ್ನು ತಿರುಗಿಸಿದವಳಲ್ಲವೇ ಅವಳು. ಆ ಬಸ್ಸೋ, ಕೈ ತೋರಿದವರಿಗೆಲ್ಲ ನಿಲ್ಲುತ್ತಿತ್ತು. ಜಹೀರಾಬಾದಿನಲ್ಲಿ ಇಳಿದವಳು ಚಪ್ಪಲಿ ಕೈಯಲ್ಲಿ ಹಿಡಿದೇ ಓಡಿದಳು.

ಅಮರನಾಥನ ಬೆರಳು ಸ್ವಿಚ್ಚಿನ ಮೇಲಿತ್ತು.

"ಹಚ್ಚಬ್ಯಾಡ್ರಿ... ಕೈ ಮುಗೀತೀನಿ, ಹಚ್ಚಬ್ಯಾಡ್ರಿ!"

ಅವನು ಗಾಬರಿಯಿಂದ ಕೈ ತೆಗೆದ.

"ಪೆಟ್ಟು ಬಿದ್ದಿತ್ರಿ. ಖಂಡೆ ಪೂಜಾ ದಿನ ಚಾಲೂ ಇಟ್ಟು ಈ ಕಲ್ಲಿಗೆ ಕಾಯಿ ಕುಟ್ಟೀನಿ. ನಾನೇ ಕುಟ್ಟೀನಿ. ಬಂದ್ ಮಾಡು ಅಂತ ಕಾಕಾ ಹೇಳಿದ್ರು, ಮಾಡ್ಲಿಲ್ಲ. ನೀವು ಕೇಳಿದಾಗ ಅಂಜಿ ಇಲ್ಲ ಅಂದೆ."

ಅವನು ಬಗ್ಗಿ ಆ ಕಲ್ಲನ್ನು ಬೆರಳಿನಿಂದ ಸವರಿ ನೋಡಿದ. ಅಂಚಿನಲ್ಲಿ ಕಾಯಿ ತಾಗಿದ ಗುರುತು ಇನ್ನೂ ಇತ್ತು.

"ಮೊದಲ ದಿನಾನೇ ಕೇಳಿದ್ದೆ ನಾ."

"ಹೂಂರಿ."

"ನಿಮ್ಮ ಆ ಒಂದು 'ಇಲ್ರಿ' ಮ್ಯಾಲ ಭರೋಸಾ ಇಟ್ಟು ದಿನಾ ಹಚ್ಚೀನಿ. ನನ್ನ ಕೈಲೇ ಕೆರಸೀನಿ ಅದನ್ನ." ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಡಿಸ್ಕನ್ನು ಡಬ್ಬಿಯಿಂದ ಹೊರತೆಗೆದ. ಅದನ್ನು ಸುತ್ತಿಕೊಳ್ಳಲೆಂದು ಅವಳು ತನ್ನ ಹೆಗಲ ಮೇಲಿನ ಓಢಣಿ ಚಾಚಿದಳು. ಅವನು ನೋಡದವನಂತೆ ತನ್ನ ಟವೆಲ್ಲಿನಲ್ಲೇ ಸುತ್ತಿಕೊಂಡ.

"ಹೈದರಾಬಾದಿನಾಗ ಡಿಸ್ಕ್ ಬಿಚ್ಚಿ ಒಳಗಿಂದು ತಗಿಯೋರು ಇದ್ದಾರ. ನಾ ಹೋಗ್ತೀನಿ."

"ನಾನೂ ಬರ್ತೀನ್ರಿ."

"ಬ್ಯಾಡ."

ಹೋದ. ಸಂಪದಾ ಖಾಲಿ ಡಬ್ಬಿಯ ಮುಂದೆ ಕುಳಿತು ಮನಸಾರೆ ಅತ್ತಳು. ಅತ್ತು ಮುಗಿಸಿ ಮುಖ ತೊಳೆದು ಶರಣಪ್ಪ ಕಾಕಾರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಕಾಕಾ ಕನ್ನಡಕ ತೆಗೆದು ಒರೆಸಿದರು.

"ನಿನ್ನ ಕೆಲಸದ ಮಾತು ಆಮ್ಯಾಲ. ಆ ಹುಡುಗಗ ಮಂದಿ ಮುಂದ ಅಂದೀನಿ. ಮೊದಲು ಅದನ್ನ ವಾಪಸ್ ತಗೋಬೇಕು."

ಆಮೇಲೆ ಅವಳು ನಾರಾಯಣಖೇಡದ ಬಸ್ ಹತ್ತಿದಳು. ದೇವಿಕಾ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಕೇಳಿಸಿಕೊಂಡಳು.

"ನಮ್ಮಪ್ಪನ ದನಿ ಬರ್ತದೇನಕ್ಕ?"

"ಗೊತ್ತಿಲ್ಲವ್ವ."

"ಹಂಗಾರ ಇವತ್ತ ನನ್ನ ಮುಂದ ಕುಂದುರಬ್ಯಾಡ. ದನಿ ಬಂದ ಮ್ಯಾಲ ಮಾತಾಡೂನು."

ಬೈಗುಳ ಬಿದ್ದಿದ್ದರೆ ಹೊತ್ತುಕೊಂಡು ಬರಬಹುದಿತ್ತು. ಇದನ್ನು ಹೊರುವುದು ಕಷ್ಟವಾಯಿತು. ದೀಪಾವಳಿ ಬಂತು, ಹೋಯಿತು. ಅವನ ಫೋನ್ ಬರಲಿಲ್ಲ. ಸಂಪದಾ ಸ್ಟುಡಿಯೋದ ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು.

ಒಂದು ಮಧ್ಯಾಹ್ನ ತಲೆ ಎತ್ತಿದಾಗ ಅಮರನಾಥ ನಿಂತಿದ್ದ. ಕೈಯಲ್ಲಿ ಹೊಸ ಡಿಸ್ಕ್, ಹಿಂದೆ ದೇವಿಕಾ. ಕಾಕಾ ಎದ್ದು ಬಂದು, "ನಾ ಅಂದದ್ದು ಮನಸಿನಾಗ ಇಟ್ಕೋಬ್ಯಾಡಪ್ಪ," ಎಂದು ಅವನ ಹೆಗಲು ಹಿಡಿದರು.

ಅವನು ಡಿಸ್ಕನ್ನು ಹೊರಗಿನಿಂದಲೇ ವೈರಿಗೆ ಜೋಡಿಸಿ ವೀಡಿಯೊ ಹಚ್ಚಿದ. ಬಣ್ಣ ಕಲಸಿಹೋಗಿತ್ತು, ಚಿತ್ರ ನಿಂತು ನಿಂತು ಓಡುತ್ತಿತ್ತು. ಆದರೆ ದನಿ ನೆಟ್ಟಗಿತ್ತು. ಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲಿ ಕಾಶಿರಾಮರು ಹೇಳುತ್ತಿದ್ದರು: "ದೇವೀ, ಕಿಟಕಿ ಕಡಿ ಕುಂದುರಬ್ಯಾಡವ್ವ, ಗಾಳಿ ಬಡೀತದ. ಶಾಲು ಹೊತ್ಕೊ."

ದೇವಿಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮತ್ತೆ ಹಚ್ಚು ಅಂದಳು. ಮತ್ತೆ ಹಚ್ಚಿದರು.

"ಅರಿಷಿಣದ ಫೋಟೊ ಒಂದೂ ಉಳಿದಿಲ್ಲವ್ವ," ಎಂದ ಅಮರನಾಥ ಮೆಲ್ಲಗೆ. "ಆ ಐತವಾರ ಹಚ್ಚಿದ್ರ ಇದೂ ಉಳೀತಿದ್ದಿಲ್ಲ ಅಂದ್ರು ಅಲ್ಲಿ."

ದೇವಿಕಾ ಸಂಪದಾಳ ಕಡೆ ನೋಡಿದಳು. "ಫೋಟೊ ಹೋದದ್ದಕ್ಕ ನನಗ ಸಿಟ್ಟು ಅದ ಅಕ್ಕ. ಅದು ಇರ್ತದ. ಆದ್ರ ನೀ ಬಂದು ಹೇಳ್ದಿ." ಅಷ್ಟು ಹೇಳಿ ಅವಳ ಕೈಯನ್ನೊಮ್ಮೆ ಮುಟ್ಟಿದಳು.

ಎಲ್ಲರೂ ಹೋದ ಮೇಲೆ ಅಮರನಾಥ ಹೊಸ ಡಿಸ್ಕನ್ನು ಡಬ್ಬಿಯೊಳಗೆ ಕೂರಿಸಿದ. ಚೀಲದಿಂದ ಒಂದು ತೆಂಗಿನಕಾಯಿ ತೆಗೆದ. ಸಂಪದಾ ತಲೆ ತಗ್ಗಿಸಿದಳು.

"ಹೊಸಾದು ಬಂದದ. ಪೂಜಾ ಬ್ಯಾಡೇನ್ರಿ?"

"ನಾ ಮುಟ್ಟಂಗಿಲ್ರಿ ಅದನ್ನ."

"ಮಷಿನ್ ಬಂದ್ ಮಾಡೀರಿಲ್ಲ?"

"ಮಾಡೀನಿ. ವೈರೂ ಕಿತ್ತೀನಿ."

ಅವನಿಗೆ ನಗು ಬಂತು. ಅವಳ ಕೈಹಿಡಿದು ಹೊರಗೆ ಬೀದಿಯ ತನಕ ಕರೆದುಕೊಂಡು ಹೋದ. ಅಲ್ಲಿ, ಡಬ್ಬಿಯಿಂದ ಅಷ್ಟು ದೂರದಲ್ಲಿ, ಅವಳ ಕೈಯಿಂದಲೇ ಕಾಯಿ ಒಡೆಸಿದ. ಒಂದೇ ಏಟಿಗೆ ಒಡೆಯಿತು.

"ಅವತ್ತ ಮುಖ ತಿರುಗಿಸಿದ್ದು ಅಳು ಬಂದಿದ್ದಕ್ರಿ," ಎಂದಳು ಅವಳು, ಹೋಳು ಕೈಯಲ್ಲಿ ಹಿಡಿದುಕೊಂಡೇ. "ನಿಮ್ಮ ಮ್ಯಾಲ ಮನಸಾಗಿತ್ತು. ಕಾಯಿ ಕುಟ್ಟಿದ್ದು ಹೇಳಿದ್ರ ನೀವು ಹೋಗಿಬಿಡ್ತೀರಿ ಅಂತ ಅಂಜಿದ್ದೆ."

"ಹೇಳಿದ್ರ ಹೋಗ್ತಿದ್ದಿಲ್ಲ ಸಂಪದಾ. ಹೇಳಲಿಲ್ಲ, ಅದಕ ಹೋಗಿದ್ದೆ."

ಮೇಡಂ ಹೋಗಿ ಸಂಪದಾ ಆದದ್ದು ಅವಳ ಕಿವಿಗೆ ಬಿತ್ತು. ಆದರೂ ಕೇಳಿದಳು.

"ಸಿಟ್ಟು ಹೋಗ್ಯದೇನ್ರಿ?"

"ಇನ್ನೂ ಜರಾ ಅದ."

"ಯಾವಾಗ ಹೋಗ್ತದ?"

ಅವನು ಅವಳ ಕೈಯಿಂದ ಹೋಳು ತೆಗೆದುಕೊಂಡು, ಒಂದು ಚೂರು ಕಾಯಿ ಕಿತ್ತು ಅವಳಿಗೇ ಕೊಟ್ಟ.

"ಇರ್ಲಿ ಬಿಡು. ಅದು ಹೋಗೋತನಕ ದಿನಾ ಸಂಜಿಗಿ ಬರ್ತೀನಿ. ಚಹಾಕ್ಕ ಸಕ್ಕರಿ ಜಾಸ್ತಿ ಹಾಕು."